ರಾಗಿ ಹುಡುಕಿ, ಪಾಯಿಂಟ್ ಗಳಿಸಿ: ಕಾಲೇಜು ಲೈಬ್ರರಿಯಲ್ಲಿ ಆಟದ ಪಾಠ

(ಪದವಿ ಕಾಲೇಜುಗಳ ಅಧ್ಯಾಪಕರು ಮತ್ತು ಗ್ರಂಥಪಾಲಕರಿಗಾಗಿ ನಡೆದ ಕಾರ್ಯಾಗಾರವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಕಾಲೇಜು ಶುರುವಾದ ಮೊದಲ ವಾರ ನಮ್ಮ ಎಲ್ಲ ಲೈಬ್ರರಿಗಳಲ್ಲೂ ಓರಿಯೆಂಟೇಷನ್ ಅಂತ ಒಂದು ನಡೆಯುತ್ತದೆ. ಅರವತ್ತು ಎಪ್ಪತ್ತು ಮಕ್ಕಳನ್ನು ಒಟ್ಟಿಗೆ ನಿಲ್ಲಿಸಿಕೊಂಡು ನಾವು ಹೇಳುತ್ತಾ ಹೋಗುತ್ತೇವೆ. ಇದು ರೆಫರೆನ್ಸ್ ಸೆಕ್ಷನ್, ಇವು ಪತ್ರಿಕೆಗಳು, ಬ್ಯಾಗ್ ಹೊರಗಿಡಬೇಕು, ಒಳಗೆ ಮಾತಾಡಬಾರದು, ಹದಿನೈದು ದಿನದೊಳಗೆ ಪುಸ್ತಕ ವಾಪಸ್ ಕೊಡಬೇಕು, ಇಲ್ಲಾಂದ್ರೆ ಫೈನ್. ಮಕ್ಕಳು ತಲೆಯಾಡಿಸುತ್ತಾರೆ. ಫೈನ್ ಒಂದು ನೆನಪಿರುತ್ತದೆ. ಉಳಿದದ್ದು ಬಾಗಿಲು ದಾಟುವಷ್ಟರಲ್ಲಿ ಮರೆತುಹೋಗಿರುತ್ತದೆ.

ಎರಡು ವರ್ಷ ಕಳೆದ ಮೇಲೆ ಪ್ರಾಜೆಕ್ಟ್ ಬರೆಯುವ ಸರದಿ ಬರುತ್ತದೆ. ಆಗ ಅದೇ ಮಕ್ಕಳು ಕೌಂಟರ್ ಮುಂದೆ ನಿಂತು, 'ಮೇಡಂ, ರೈತರ ಬಗ್ಗೆ ಒಂದು ಬುಕ್ ಕೊಡಿ' ಎನ್ನುತ್ತಾರೆ. ರೈತರ ಬಗ್ಗೆ ಏನಪ್ಪಾ ಬೇಕು, ಸಾಲವಾ, ಬೆಳೆಯಾ, ಚಳವಳಿಯಾ ಅಂದರೆ ಸುಮ್ಮನೆ ನಿಲ್ಲುತ್ತಾರೆ. ಅವರಿಗೆ ಬುದ್ಧಿ ಇಲ್ಲ ಅಂತಲ್ಲ. ಒಂದು ದೊಡ್ಡ ವಿಷಯವನ್ನು ಹುಡುಕಬಹುದಾದ ಸಣ್ಣ ಪ್ರಶ್ನೆಯಾಗಿ ಒಡೆಯುವುದನ್ನು ಯಾರೂ ಅವರ ಕೈಯಲ್ಲಿ ಮಾಡಿಸಿಲ್ಲ. ನಾವು ರ‍್ಯಾಕ್ ತೋರಿಸಿದ್ದೇವೆ, ಅಷ್ಟೇ.

ಇವತ್ತು ನಾನು ಮಾತಾಡಬೇಕಾದ್ದು ಇದನ್ನು ಕೈಯಲ್ಲಿ ಮಾಡಿಸುವ ಬಗ್ಗೆ. ಅದಕ್ಕೆ ಆಟ ಒಳ್ಳೆಯ ದಾರಿ. ಆದರೆ ಎಲ್ಲ ಆಟವೂ ಅಲ್ಲ. ಲೈಬ್ರರಿ ಆಟ ಅಂತ ನಡೆಯುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಗಲಾಟೆ ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಮೊದಲು ಹೆದರಿಕೆಯ ವಿಷಯ. ಕಾನ್‌ಸ್ಟನ್ಸ್ ಮೆಲನ್ ಎಂಬ ಅಮೆರಿಕದ ಸಂಶೋಧಕಿ 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸುಮಾರು 6,000 ಕಾಲೇಜು ವಿದ್ಯಾರ್ಥಿಗಳು ಲೈಬ್ರರಿಯಲ್ಲಿ ಮೊದಲ ಬಾರಿ ಸಂಶೋಧನೆಗೆ ಇಳಿದಾಗ ಏನನ್ನಿಸಿತು ಎಂದು ಬರೆದಿದ್ದನ್ನು ಅವರು ಓದಿದರು. 75ರಿಂದ 85 ಶೇಕಡ ಮಕ್ಕಳು ಬರೆದದ್ದು ಭಯ, ಗೊಂದಲ, ಕಳೆದುಹೋದ ಭಾವನೆ. ಇದಕ್ಕೆ ಅವರು ಲೈಬ್ರರಿ ಆತಂಕ ಎಂದು ಹೆಸರಿಟ್ಟರು. ಅದರಲ್ಲಿ ನನಗೆ ಮುಖ್ಯ ಅನ್ನಿಸುವುದು ಇದು: ಉಳಿದವರಿಗೆಲ್ಲ ಗೊತ್ತಿದೆ, ನನಗೊಬ್ಬಳಿಗೇ ಗೊತ್ತಿಲ್ಲ ಎಂದು ಪ್ರತಿಯೊಬ್ಬರೂ ಅಂದುಕೊಂಡಿದ್ದರು. ಕೇಳಿದರೆ ಮಾನ ಹೋಗುತ್ತದೆ ಅಂತ ಯಾರೂ ಕೇಳುತ್ತಿರಲಿಲ್ಲ.

ನಮ್ಮಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ. ಎಷ್ಟೋ ಕಾಲೇಜುಗಳಲ್ಲಿ ಮಕ್ಕಳನ್ನು ರ‍್ಯಾಕ್ ಹತ್ತಿರ ಬಿಡುವುದೇ ಇಲ್ಲ. ಚೀಟಿ ಬರೆದು ಕೊಡಬೇಕು, ಅಟೆಂಡರ್ ಪುಸ್ತಕ ತಂದುಕೊಡುತ್ತಾರೆ. ಪುಸ್ತಕ ಕಳೆದರೆ ಸ್ಟಾಕ್ ವೆರಿಫಿಕೇಷನ್‌ನಲ್ಲಿ ನಮ್ಮ ತಲೆ ಮೇಲೆ ಬರುತ್ತದಲ್ಲ, ಆ ಭಯ ನಮಗೆ. ಹಾಗಾಗಿ ಪಿಯುಸಿ ಮುಗಿಸಿ ಬಂದ ಹುಡುಗ ಪುಸ್ತಕಗಳ ನಡುವೆ ಓಡಾಡಿದ್ದೇ ಇರುವುದಿಲ್ಲ. ಅವನಿಗೆ ಓಪ್ಯಾಕ್, ಅಂದರೆ ಲೈಬ್ರರಿಯ ಕಂಪ್ಯೂಟರ್ ಕ್ಯಾಟಲಾಗಿನ ಬಗ್ಗೆ ಅರ್ಧ ಗಂಟೆ ಭಾಷಣ ಕೊಟ್ಟರೆ ಏನಾಗುತ್ತದೆ ಹೇಳಿ.

ಆಟದಲ್ಲಿ ಒಂದು ಅನುಕೂಲ ಇದೆ. ಅಲ್ಲಿ ಗೊತ್ತಿಲ್ಲದೆ ಇರುವುದು ಅವಮಾನ ಅಲ್ಲ, ಆಟ ಶುರುವಾಗುವುದೇ ಅಲ್ಲಿಂದ. ಎಲ್ಲರೂ ಸೊನ್ನೆಯಲ್ಲಿ ನಿಂತಿರುತ್ತಾರೆ. ನಾನು ಆಟಕ್ಕೆ ಒಲಿದದ್ದು ಈ ಕಾರಣಕ್ಕೆ, ಮಜಾ ಬರುತ್ತದೆ ಅಂತಲ್ಲ. ಮಜಾ ಬಂದರೆ ಒಳ್ಳೆಯದೇ.

ಈಗ ಯಾವುದು ಬೇಡ ಎಂಬುದು. ಲೈಬ್ರರಿ ಆಟ ಅಂದ ತಕ್ಷಣ ನಮಗೆಲ್ಲ ಹೊಳೆಯುವುದು ಕ್ವಿಜ್. ಚಂದನದಲ್ಲಿ 'ಥಟ್ ಅಂತ ಹೇಳಿ' ನೋಡಿ ಬೆಳೆದವರು ನಾವು. ಒಳ್ಳೆಯ ಕಾರ್ಯಕ್ರಮ, ಬಹುಮಾನವಾಗಿ ಪುಸ್ತಕ ಕೊಡುತ್ತಾರೆ, ಅದಕ್ಕಿಂತ ಇನ್ನೇನು ಬೇಕು. ಆದರೆ ಅಲ್ಲಿ ಗೆಲ್ಲುವುದು ನೆನಪು. ನಮಗೆ ಬೇಕಾದ್ದು ನೆನಪಿಲ್ಲದಿದ್ದಾಗ ಏನು ಮಾಡಬೇಕು ಅನ್ನುವುದು. 'ಪುಸ್ತಕಗಳಿಗೆ ವಿಷಯದ ಪ್ರಕಾರ ನಂಬರ್ ಕೊಡುವ ಡ್ಯೂಯಿ ವರ್ಗೀಕರಣ ಬಂದದ್ದು ಯಾವಾಗ?', '1876'. ಚಪ್ಪಾಳೆ. ಆ ಹುಡುಗಿ 1876 ಅಂತ ಹೇಳಿದ ಮಾತ್ರಕ್ಕೆ ರ‍್ಯಾಕ್‌ನಿಂದ ಒಂದು ಪುಸ್ತಕ ಹುಡುಕಿ ತೆಗೆಯಲು ಬಂದಂತಾಯಿತಾ?

ಎರಡನೆಯದು ಟ್ರೆಷರ್ ಹಂಟ್. ಇದರ ಮೇಲೆ ಗ್ರಂಥಪಾಲಕರಿಗೆ ಹಳೆಯ ಸಿಟ್ಟಿದೆ. ಅಧ್ಯಾಪಕರು ಉತ್ಸಾಹದಲ್ಲಿ ಇಪ್ಪತ್ತು ಪ್ರಶ್ನೆಗಳ ಹಾಳೆ ಕೊಟ್ಟು ಕಳಿಸುತ್ತಾರೆ. ಇಡೀ ತರಗತಿ ಒಂದೇ ವಿಶ್ವಕೋಶದ ಒಂದೇ ಸಂಪುಟದ ಮೇಲೆ ಬೀಳುತ್ತದೆ. ಮೊದಲು ಬಂದವನು ಪುಟದ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುತ್ತಾನೆ. ಸಂಪುಟವನ್ನು ಇನ್ನೆಲ್ಲೋ ಬಚ್ಚಿಡುವವನೂ ಇರುತ್ತಾನೆ. ಆ ಪ್ರಶ್ನೆಗಳಿಗೂ ಅವರು ಓದುತ್ತಿರುವ ವಿಷಯಕ್ಕೂ ಸಂಬಂಧ ಇರುವುದಿಲ್ಲ. ಲೈಬ್ರರಿ ಅಂದರೆ ಯಾರಿಗೂ ಬೇಡದ ಉತ್ತರ ಹುಡುಕುವ ಜಾಗ ಎಂಬುದೇ ಅವರ ತಲೆಯಲ್ಲಿ ಉಳಿಯುತ್ತದೆ.

ಮೂರನೆಯದು ಪಾಯಿಂಟ್ ಮತ್ತು ಬ್ಯಾಡ್ಜ್. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ವಿಶ್ವವಿದ್ಯಾಲಯದವರು ಲೆಮನ್‌ಟ್ರೀ ಎಂಬುದನ್ನು ಮಾಡಿದ್ದರು. ಪುಸ್ತಕ ತೆಗೆದರೆ, ವಾಪಸ್ ಕೊಟ್ಟರೆ ಪಾಯಿಂಟ್. ಮಕ್ಕಳನ್ನು ಲೈಬ್ರರಿಯ ಕಡೆ ಎಳೆಯಲು ಅದು ಸರಿ. ಆದರೆ ಪುಸ್ತಕ ಮನೆಗೆ ಒಯ್ಯುವುದು ಬೇರೆ, ಹುಡುಕುವುದನ್ನು ಕಲಿಯುವುದು ಬೇರೆ.

ಹಾಗಾದರೆ ಯಾವುದು ಬೇಕು? ಆಟದ ನಡೆಯೇ ಹುಡುಕಾಟದ ನಡೆಯಾಗಿರಬೇಕು. ಪಗಡೆಯಲ್ಲಿ ಕಾಯಿ ನಡೆಸುವ ಜಾಗದಲ್ಲಿ ಇಲ್ಲಿ ಪದ ಬದಲಿಸಬೇಕು, ಮೂಲ ಆರಿಸಬೇಕು, ಎರಡು ಮೂಲ ಹೋಲಿಸಬೇಕು. ಮತ್ತೆ ಆಡಿದ್ದು ನಾಳೆಯ ಅಸೈನ್‌ಮೆಂಟಿಗೆ ಹಾಗೇ ಸಿಗಬೇಕು.

ಈ ಎರಡನೆಯ ಮಾತು ನನ್ನದಲ್ಲ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಕ್ಯಾರೆನ್ ಮಾರ್ಕಿ ಮತ್ತು ಅವರ ತಂಡ ಇದನ್ನು ಆಡಿಸಿಯೇ ಕಂಡುಕೊಂಡರು. ಅವರ ಮೊದಲ ಆಟದ ಹೆಸರು 'ಡಿಫೆನ್ಸ್ ಆಫ್ ಹಿಜನ್'. ಯೂರೋಪಿನಲ್ಲಿ ಪ್ಲೇಗ್ ಹಬ್ಬಿದ ಕಾಲದ ಕಥೆ. ತಂಡಗಳು ಕಂಪ್ಯೂಟರಿನಲ್ಲಿ ಬೋರ್ಡ್ ಮೇಲೆ ಸಾಗುತ್ತಾ, ಲೈಬ್ರರಿಯಲ್ಲಿ ಹುಡುಕಿ ಉತ್ತರ ಕೊಡುತ್ತಾ ಹೋಗಬೇಕು. ಕಥೆ ಇತ್ತು, ಬೋರ್ಡ್ ಇತ್ತು, ಪೈಪೋಟಿ ಇತ್ತು. ಆದರೂ ಮಕ್ಕಳ ಲೆಕ್ಕಾಚಾರ ಬೇರೆಯೇ ಇತ್ತು: ಇದರಿಂದ ನನ್ನ ಕೋರ್ಸಿಗೆ, ನನ್ನ ಗ್ರೇಡಿಗೆ ಏನು ಲಾಭ? ಅಸೈನ್‌ಮೆಂಟ್ ಒಂದು ಕಡೆ, ಆಟ ಇನ್ನೊಂದು ಕಡೆ ಇದ್ದರೆ ಅವರು ಆಟವನ್ನೇ ಬಿಡುತ್ತಾರೆ. ಅದು ನ್ಯಾಯವೂ ಹೌದು.

ಅದಕ್ಕೇ ಮುಂದಿನ ಆಟ ಬಿಬ್ಲಿಯೋಬೌಟ್ಸ್ ಪೂರ್ತಿ ಬೇರೆ ಥರ ಬಂತು. ಕಥೆ ಇಲ್ಲ, ರಾಜ ಇಲ್ಲ, ಪ್ಲೇಗ್ ಇಲ್ಲ. ತರಗತಿಗೆ ಕೊಟ್ಟ ವಿಷಯದ ಮೇಲೆ ಪ್ರತಿಯೊಬ್ಬರೂ ಮೂಲಗಳನ್ನು ಹುಡುಕಿ ಝೊಟೆರೋದಲ್ಲಿ ಕೂಡಿಸಿಕೊಳ್ಳಬೇಕು. ಝೊಟೆರೋ ಗೊತ್ತಲ್ಲ, ರೆಫರೆನ್ಸ್ ಜೋಡಿಸಿಡುವ ಉಚಿತ ಸಾಫ್ಟ್‌ವೇರ್. ಅದರಲ್ಲಿ ಒಳ್ಳೆಯವನ್ನು ಆರಿಸಿ ಆಟಕ್ಕೆ ದಾನ ಮಾಡಬೇಕು. ಆಮೇಲೆ ಬೇರೆಯವರ ಮೂಲಗಳಿಗೆ ಅಂಕ ಕೊಡಬೇಕು: ಇದು ನಂಬಬಹುದಾದ್ದಾ, ನಮ್ಮ ವಿಷಯಕ್ಕೆ ಹೊಂದುತ್ತದಾ? ಕೊನೆಗೆ ಎಲ್ಲರ ರಾಶಿಯಿಂದ ತನ್ನ ಪ್ರಬಂಧಕ್ಕೆ ಬೇಕಾದ ಪಟ್ಟಿ ಕಟ್ಟಬೇಕು. ಆಟ ಮುಗಿಯುವ ಹೊತ್ತಿಗೆ ಪ್ರಬಂಧದ ಅರ್ಧ ಕೆಲಸ ಮುಗಿದಿರುತ್ತದೆ. ಇದನ್ನು ಆಡಲು ಕಂಪ್ಯೂಟರ್ ಬೇಕೇ ಬೇಕು ಅಂತೇನಿಲ್ಲ. ನಾವು ರೂಲ್ಡ್ ಹಾಳೆಯಲ್ಲಿ, ಗಮ್ ಚೀಟಿ ಅಂಟಿಸಿ ಆಡಿಸಿದ್ದೇವೆ.

ಈಗ ನಾನು ಆಡಿಸುವ ಆಟಗಳಿಗೆ ಬರುತ್ತೇನೆ. ಮೊದಲನೆಯದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕಂದರೆ ಮಿಕ್ಕಿದ್ದೆಲ್ಲ ಬಿಟ್ಟರೂ ಇದೊಂದನ್ನು ನೀವು ಮಾಡಬೇಕು ಅಂತ ನನ್ನ ಆಸೆ.

ವಿಷಯ ರಾಗಿ. ಪ್ರಶ್ನೆ: ಹಳೇ ಮೈಸೂರು ಭಾಗದಲ್ಲಿ ಕಾಲುವೆ ನೀರು ಬಂದ ಮೇಲೆ ರಾಗಿ ಬೆಳೆ ಏನಾಯಿತು? ಐದೈದು ಜನರ ಗುಂಪು. ಒಂದು ಗುಂಪಿಗೆ ಒಂದೇ ಫೋನ್, ವಿದ್ವತ್ ಲೇಖನ ಹುಡುಕುವ ಗೂಗಲ್ ಸ್ಕಾಲರ್ ತೆರೆದಿರಬೇಕು. ಗುಂಪಿಗೆ ಆರು ಹುಡುಕಾಟ ಮಾತ್ರ. ಪ್ರತಿ ಬಾರಿ ಹಾಕಿದ ಪದವನ್ನು ಹಾಳೆಯಲ್ಲಿ ಬರೆಯಬೇಕು. ಮೊದಲ ಹತ್ತು ಫಲಿತಾಂಶಗಳಲ್ಲಿ ಪ್ರಶ್ನೆಗೆ ನಿಜವಾಗಿ ಸಂಬಂಧಪಟ್ಟವು ಎಷ್ಟೋ ಅಷ್ಟು ಪಾಯಿಂಟ್. ಪ್ರಶ್ನೆಯನ್ನೇ ಪೂರ್ತಿ ಟೈಪ್ ಮಾಡಿದರೆ ಆ ಸರದಿಗೆ ಸೊನ್ನೆ. ಸರದಿ ಬದಲಾದಂತೆ ಫೋನ್ ಕೈ ಬದಲಾಗಬೇಕು. ಈ ನಿಯಮ ಬಿಡಬೇಡಿ. ಇಲ್ಲದಿದ್ದರೆ ಒಬ್ಬನೇ ಆಡುತ್ತಾನೆ, ನಾಲ್ಕು ಜನ ಅವನ ಭುಜದ ಮೇಲಿಂದ ಇಣುಕುತ್ತಾರೆ.

ಎಲ್ಲ ಗುಂಪೂ ಮೊದಲು ಹಾಕುವ ಪದ ರಾಗಿ, ಇಂಗ್ಲಿಷ್ ಅಕ್ಷರದಲ್ಲಿ. ಸ್ವಲ್ಪ ಹೊತ್ತಿಗೆ ಎಲ್ಲಿಂದಲೋ ಒಂದು ದನಿ ಬರುತ್ತದೆ: 'ಮೇಡಂ, ಇದೇನು ಗುರುದ್ವಾರದ ಬಗ್ಗೆ ಬರ್ತಿದೆ?' ಸಿಖ್ಖರಲ್ಲಿ ಕೀರ್ತನೆ ಹಾಡುವವರನ್ನೂ ರಾಗಿ ಎನ್ನುತ್ತಾರೆ. ತರಗತಿ ಎಲ್ಲ ನಗುತ್ತದೆ. ಆ ನಗುವಿನ ಮಧ್ಯೆ ಒಂದು ದೊಡ್ಡ ವಿಷಯ ತಲೆಗೆ ಹೋಗಿರುತ್ತದೆ: ಯಂತ್ರಕ್ಕೆ ಅಕ್ಷರ ಗೊತ್ತು, ಮುದ್ದೆ ಗೊತ್ತಿಲ್ಲ.

ಎರಡನೆಯ ಸರದಿಗೆ ಯಾರಾದರೂ ಫಿಂಗರ್ ಮಿಲೆಟ್ ಹಾಕುತ್ತಾರೆ. ಎಲ್ಲಿ ಸಿಕ್ಕಿತು ಪದ? ಮೊದಲ ಹುಡುಕಾಟದಲ್ಲಿ ಬಂದ ಲೇಖನದ ಹೆಸರಿನಲ್ಲಿ. ಅದನ್ನು ತೆರೆದರೆ ಇಲ್ಯೂಸಿನ್ ಕೊರಕಾನ ಎಂಬ ಸಸ್ಯಶಾಸ್ತ್ರದ ಹೆಸರು ಕಾಣುತ್ತದೆ. ಅದನ್ನು ಹಾಕಿದರೆ ಕೃಷಿ ವಿಜ್ಞಾನದ ಕಡೆಯ ಬರಹಗಳು ಬರುತ್ತವೆ, ಆದರೆ ಜೀನ್, ಪ್ರೋಟೀನ್ ಜಾಸ್ತಿಯಾಗಿ ರೈತ ಕಾಣೆಯಾಗುತ್ತಾನೆ. ಬರೀ ಮಿಲೆಟ್ ಅಂದರೆ ಸಿರಿಧಾನ್ಯದ ಪ್ರಚಾರ ತುಂಬಿಕೊಳ್ಳುತ್ತದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಸಾರಿದ ಮೇಲಂತೂ ಕೇಳಬೇಡಿ. ಕಾಲುವೆಗೆ 'ಇರಿಗೇಷನ್' ಸೇರಿಸಿದವರಿಗೆ ಒಂದಷ್ಟು ಸಿಗುತ್ತದೆ. 'ಕರ್ನಾಟಕ' ಸೇರಿಸಿದವರಿಗೆ ಹಳೆಯ ಬರಹಗಳು ತಪ್ಪಿಹೋಗುತ್ತವೆ, ಯಾಕಂದರೆ 1973ರ ನವೆಂಬರ್ 1ರವರೆಗೆ ನಮ್ಮದು ಮೈಸೂರು ರಾಜ್ಯ. ಹಾಗೇ ಊರುಗಳು. 2014ರ ನವೆಂಬರ್ 1ರಿಂದ 12 ನಗರಗಳ ಹೆಸರು ಬದಲಾಯಿತು. ಶಿವಮೊಗ್ಗ ಅಂತ ಹಾಕಿದರೆ ಒಂದು ರಾಶಿ, ಶಿಮೊಗಾ ಅಂತ ಹಾಕಿದರೆ ಇನ್ನೊಂದು ರಾಶಿ.

ಒಮ್ಮೆ ಒಬ್ಬ ಹುಡುಗಿ ಯಾರೂ ಹಾಕದ ಪದ ಹಾಕಿದಳು: ಇಂಡಾಫ್. ಭಾರತದ ರಾಗಿ ತಳಿಗೂ ಆಫ್ರಿಕಾದ ತಳಿಗೂ ಕೂಡಿಕೆ ಮಾಡಿ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ತಂದ ತಳಿಗಳಿಗೆ ಆ ಹೆಸರು. ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆಯುತ್ತಾರೆ. ಹುಡುಗಿಗೆ ಹೇಗೆ ಗೊತ್ತಾಯಿತು? ಅವರ ಅಜ್ಜ ಹೊಲಕ್ಕೆ ಹಾಕುತ್ತಿದ್ದರಂತೆ. ಆ ಸರದಿಯಲ್ಲಿ ಅವರ ಗುಂಪು ಎಲ್ಲರನ್ನೂ ಹಿಂದೆ ಹಾಕಿತು. ಅಜ್ಜನ ಬಾಯಲ್ಲಿದ್ದ ಮಾತು ಜರ್ನಲ್ ಒಳಗೆ ಹೋಗುವ ದಾರಿಯಾಯಿತು. ಹಳ್ಳಿಯಿಂದ ಬಂದ ಮಕ್ಕಳು ಇಂಗ್ಲಿಷ್ ಬರಲ್ಲ ಅಂತ ಹಿಂದಿನ ಬೆಂಚಿನಲ್ಲಿ ಕೂರುತ್ತಾರಲ್ಲ, ಇಂಥ ವಿಷಯ ಕೊಟ್ಟರೆ ಅವರ ಹತ್ತಿರ ಉಳಿದವರ ಹತ್ತಿರ ಇಲ್ಲದ ಪದಗಳಿರುತ್ತವೆ. ಕಾಮರ್ಸ್‌ನವರಿಗೆ ಎಪಿಎಂಸಿ, ಸಮಾಜಶಾಸ್ತ್ರದವರಿಗೆ ಜಾತ್ರೆ, ಹೀಗೆ ಹುಡುಕಿಕೊಳ್ಳಿ. ವಿಷಯ ಅವರ ಮನೆ ಹತ್ತಿರದ್ದಿರಲಿ.

ಆಟ ಮುಗಿದ ಮೇಲೆ ಪದದ ಹಾಳೆಗಳನ್ನು ಗೋಡೆಗೆ ಅಂಟಿಸಿ ಒಂದೇ ಪ್ರಶ್ನೆ ಕೇಳಿ: ನಿಮ್ಮ ಒಳ್ಳೆಯ ಪದ ಎಲ್ಲಿಂದ ಬಂತು? ಬಹುತೇಕ ಗುಂಪುಗಳ ಉತ್ತರ ಒಂದೇ ಇರುತ್ತದೆ. ತಲೆಯಿಂದ ಬಂದದ್ದಲ್ಲ, ಮೊದಲು ಸಿಕ್ಕ ಅರೆಬರೆ ಲೇಖನ ಓದಿದಾಗ ಬಂದದ್ದು. ಹುಡುಕುವುದು, ಓದುವುದು, ಮತ್ತೆ ಹುಡುಕುವುದು. ಇದನ್ನು ನಾನು ಬೋರ್ಡ್ ಮೇಲೆ ಬರೆದಿದ್ದರೆ ಅವರು ನೋಟ್ಸ್ ಮಾಡಿಕೊಂಡು ಪರೀಕ್ಷೆಯಲ್ಲಿ ಬರೆದು ಮರೆಯುತ್ತಿದ್ದರು.

ಇನ್ನು ಶೆಲ್ಫ್ ಆಟ. ಇದು ಚಿಕ್ಕದು, ಹದಿನೈದು ನಿಮಿಷದ್ದು. ಕಾಲ್ ನಂಬರ್, ಅಂದರೆ ಪುಸ್ತಕ ಶೆಲ್ಫಿನಲ್ಲಿ ಎಲ್ಲಿರಬೇಕು ಅಂತ ಹೇಳುವ ನಂಬರ್ ಬರೆದ ಕಾರ್ಡುಗಳನ್ನು ಎದೆಗೆ ಪಿನ್ ಮಾಡಿಕೊಂಡು ಮಕ್ಕಳೇ ಪುಸ್ತಕಗಳಾಗಿ ಸಾಲಲ್ಲಿ ನಿಲ್ಲಬೇಕು. ಎಲ್ಲರೂ ಬೀಳುವ ಗುಂಡಿ ಒಂದಿದೆ. ಡ್ಯೂಯಿಯಲ್ಲಿ ಕನ್ನಡ ಸಾಹಿತ್ಯ 894.814. ಕನ್ನಡ ಕಾದಂಬರಿ 894.8143. ತೆಲುಗು ಸಾಹಿತ್ಯ 894.827. ಯಾರು ಮೊದಲು ನಿಲ್ಲಬೇಕು? ಹತ್ತರಲ್ಲಿ ಎಂಟು ಜನ ತೆಲುಗಿನವನನ್ನು ಮುಂದೆ ಕಳಿಸುತ್ತಾರೆ. 8143ಕ್ಕಿಂತ 827 ಚಿಕ್ಕದು ಅಂತ. ಚುಕ್ಕಿಯ ಆಚೆ ಇರುವುದು ದಶಮಾಂಶ, ಒಂದೊಂದೇ ಅಂಕಿ ನೋಡಿಕೊಂಡು ಹೋಗಬೇಕು ಅನ್ನುವುದು ಆಗ ತಿಳಿಯುತ್ತದೆ. ಗಣಿತದವರು ಕೂಡ ಬೀಳುತ್ತಾರೆ, ಅದೇ ತಮಾಷೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಪುಸ್ತಕಗಳನ್ನು ಕಾಲ್ ನಂಬರ್ ಪ್ರಕಾರ ಜೋಡಿಸುವ ಕಂಪ್ಯೂಟರ್ ಆಟವನ್ನೇ ಮಾಡಿದ್ದರು. ನಮಗೆ ಪಿನ್ನು, ಕಾರ್ಡು ಸಾಕು.

ಇಲ್ಲಿ ಸ್ವಲ್ಪ ಬೇರೆ ಕಡೆ ಹೋಗುತ್ತೇನೆ. ನಮ್ಮ ಕ್ಷೇತ್ರದಲ್ಲಿ ಆಟಿಕೆಯಿಂದ ಹುಟ್ಟಿದ ಒಂದು ದೊಡ್ಡ ಕೆಲಸ ಇದೆ. ಎಸ್.ಆರ್. ರಂಗನಾಥನ್ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, ತರಬೇತಿಗೆ ಲಂಡನ್ನಿಗೆ ಹೋದರು. ಅಲ್ಲಿ ಸೆಲ್‌ಫ್ರಿಜಸ್ ಅಂಗಡಿಯಲ್ಲಿ ಮೆಕ್ಯಾನೋ ಸೆಟ್ ತೋರಿಸುತ್ತಿದ್ದರು. ಅದೇ ಪಟ್ಟಿ, ಅದೇ ನಟ್ಟು ಬೋಲ್ಟು, ಆದರೆ ಬೇರೆ ಬೇರೆ ಥರ ಜೋಡಿಸಿದರೆ ಬೇರೆ ಬೇರೆ ಆಟಿಕೆ. ಪುಸ್ತಕದ ವಿಷಯವನ್ನೂ ಹೀಗೇ ತುಂಡು ಮಾಡಿ, ಬೇಕಾದಂತೆ ಜೋಡಿಸಬಹುದಲ್ಲ ಅಂತ ಅವರಿಗೆ ಹೊಳೆಯಿತು. ಅದು 1933ರಲ್ಲಿ ಕೋಲನ್ ವರ್ಗೀಕರಣವಾಗಿ ಅಚ್ಚಾಯಿತು. ಮುಂದೆ ಅವರು ಬೆಂಗಳೂರಿಗೆ ಬಂದು ನೆಲೆಸಿದರು, 1962ರಲ್ಲಿ ಇಲ್ಲೇ ಗ್ರಂಥಾಲಯ ವಿಜ್ಞಾನದ ಸಂಶೋಧನೆ, ತರಬೇತಿಯ ಕೇಂದ್ರ ಡಿಆರ್‌ಟಿಸಿ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಆಟ ಆಡಿಸಿದರೆ ಪ್ರಾಂಶುಪಾಲರು ಹುಬ್ಬೇರಿಸುತ್ತಾರೆ ಅಂತ ಹೆದರುವವರು ಈ ಮೆಕ್ಯಾನೋ ಕಥೆ ಹೇಳಿ. ನಾನು ಹೇಳಿದ್ದೇನೆ, ಕೆಲಸ ಮಾಡಿದೆ.

ಕೋಲನ್ ಬಳಸುವ ಕಾಲೇಜು ನಮ್ಮಲ್ಲಿ ಈಗ ಕಡಿಮೆ. ಆದರೆ ಆ ತುಂಡು ಮಾಡುವ ಬುದ್ಧಿ ರಾಗಿ ಆಟದಲ್ಲಿ ಬೇಕೇ ಬೇಕು. ಬೆಳೆ ಯಾವುದು, ಏನಾಯಿತು, ಎಲ್ಲಿ, ಯಾವಾಗ. ನಾಲ್ಕು ತುಂಡು. ಒಂದನ್ನು ಬದಲಿಸಿದರೆ ಹೊಸ ಹುಡುಕಾಟ.

ಕನ್ನಡ ಐಚ್ಛಿಕದ ಮಕ್ಕಳಿಗೆ ನಾನು ಆಡಿಸುವುದು ಕಾವ್ಯನಾಮದ ಆಟ. ಒಂದು ಕಟ್ಟು ಕಾರ್ಡಿನಲ್ಲಿ ಕಾವ್ಯನಾಮ, ಇನ್ನೊಂದರಲ್ಲಿ ನಿಜವಾದ ಹೆಸರು. ಶ್ರೀರಂಗ ಮತ್ತು ಆದ್ಯ ರಂಗಾಚಾರ್ಯ, ತ್ರಿವೇಣಿ ಮತ್ತು ಅನಸೂಯಾ ಶಂಕರ್, ಆನಂದಕಂದ ಮತ್ತು ಬೆಟಗೇರಿ ಕೃಷ್ಣಶರ್ಮ, ಚದುರಂಗ ಮತ್ತು ಸುಬ್ರಹ್ಮಣ್ಯರಾಜೇ ಅರಸ್. ಬರೀ ಜೋಡಿ ಮಾಡಿದರೆ ಅದು ಕ್ವಿಜ್ ಆಗಿಬಿಡುತ್ತದೆ. ಜೋಡಿ ಮಾಡಿದ ಮೇಲೆ ಎರಡೂ ಹೆಸರನ್ನು ನಮ್ಮ ಓಪ್ಯಾಕ್‌ನಲ್ಲಿ ಹಾಕಿ, ಯಾವ ಹೆಸರಿನಲ್ಲಿ ಎಷ್ಟು ಪುಸ್ತಕ ಬಂತು ಅಂತ ಬರೆಯಬೇಕು. ಎರಡು ಸಂಖ್ಯೆ ಬೇರೆಯಾಗಿದ್ದರೆ ಪಾಯಿಂಟ್. ಆಗ ನಮ್ಮ ಕ್ಯಾಟಲಾಗಿನ ಬಂಡವಾಳವೂ ಹೊರಬರುತ್ತದೆ ಅನ್ನಿ. ಒಬ್ಬರೇ ಲೇಖಕರು ನಾಲ್ಕು ಥರ ಎಂಟ್ರಿ ಆಗಿರುತ್ತಾರೆ. ಮಕ್ಕಳು ಕಂಡುಹಿಡಿದದ್ದನ್ನು ನಾವು ತಿದ್ದಿಕೊಂಡೆವು, ಪುಕ್ಕಟೆ ಕೆಲಸ.

ನಮ್ಮ ದೇಶದ ವಿಶ್ವವಿದ್ಯಾಲಯಗಳ ಸಂಶೋಧನಾ ಪ್ರಬಂಧಗಳನ್ನು ಇಂಟರ್ನೆಟ್ಟಿನಲ್ಲಿ ಕೂಡಿಸಿಟ್ಟಿರುವ ಶೋಧಗಂಗಾದಲ್ಲಿ ಇದೇ ಕಷ್ಟ ಇನ್ನೂ ಹೆಚ್ಚು. ಅಲ್ಲಿ ಎಷ್ಟೋ ಕನ್ನಡ ಪಿಎಚ್‌ಡಿ ಪ್ರಬಂಧಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲಿದೆ. ಕಾದಂಬರಿ ಎನ್ನುವುದಕ್ಕೆ ಒಬ್ಬರು ಒಂದು 'ಎ' ಹಾಕಿದ್ದರೆ ಇನ್ನೊಬ್ಬರು ಎರಡು ಹಾಕಿರುತ್ತಾರೆ. ಒಂದೇ ಪದವನ್ನು ಎಷ್ಟು ಥರ ಬರೆಯಬಹುದು ಅಂತ ಗುಂಪುಗಳಿಗೆ ಪೈಪೋಟಿ ಇಡಿ. ಐದು ನಿಮಿಷದ ಆಟ, ಸಂಶೋಧನೆಗೆ ಹೋಗುವವರಿಗೆ ಜೀವನಪೂರ್ತಿ ಬೇಕಾಗುತ್ತದೆ.

ಹೆಸರಿನ ಮಾತು ಬಂದಾಗ ಮುದ್ದಣನನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ನಂದಳಿಕೆಯ ಲಕ್ಷ್ಮೀನಾರಾಣಪ್ಪ ಉಡುಪಿಯಲ್ಲಿ ಡ್ರಿಲ್ ಮೇಷ್ಟ್ರು. ತಾನು ಬರೆದದ್ದನ್ನು ಹಳೆಯ ಕವಿಯೊಬ್ಬನ ಕಾವ್ಯ ಎಂಬಂತೆ ಮೈಸೂರಿನ ಪತ್ರಿಕೆಗೆ ಕಳಿಸಿದ. ಅವರೂ ಹಾಗೇ ಅಚ್ಚು ಹಾಕಿದರು. 1901ರಲ್ಲಿ ಇನ್ನೂ ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡ. ಅಚ್ಚಾದ ಪುಸ್ತಕದ ಮೊದಲ ಪುಟದಲ್ಲಿ ಇರುವುದೆಲ್ಲ ನಿಜ ಅಂತ ನಂಬುವ ಮಕ್ಕಳಿಗೆ ಈ ಒಂದು ಕಥೆ ಸಾಕು.

ಮೂಲಗಳು ಒಂದಕ್ಕೊಂದು ಜಗಳ ಆಡುವುದನ್ನು ತೋರಿಸಲು ನನ್ನ ಹತ್ತಿರ ಒಂದು ಕವರ್ ಇದೆ. ಅದರೊಳಗೆ ನಾಲ್ಕು ಜೆರಾಕ್ಸ್. ಹಳೆಯ ಪಠ್ಯಪುಸ್ತಕದ ಒಂದು ಪುಟ, ಒಂದು ವಿಶ್ವಕೋಶದ ಟಿಪ್ಪಣಿ, ಒಂದು ಪತ್ರಿಕಾ ವರದಿ, ಒಂದು ವಿದ್ವತ್ ಲೇಖನ. ಪ್ರಶ್ನೆ: ಕನ್ನಡದ ಅತಿ ಹಳೆಯ ಶಾಸನ ಯಾವುದು? ಎಲ್ಲರೂ ಓದದೇನೇ ಹಲ್ಮಿಡಿ ಅನ್ನುತ್ತಾರೆ, ಸುಮಾರು ಕ್ರಿ.ಶ. 450. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದರು. ಆದರೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ 2013ರ ಉತ್ಖನನದಲ್ಲಿ ಪ್ರಣವೇಶ್ವರ ದೇವಸ್ಥಾನದ ಹತ್ತಿರ ಸಿಂಹಕಟಾಂಜನದ, ಅಂದರೆ ಮೆಟ್ಟಿಲ ಬದಿಯ ಸಿಂಹದ ಕೆತ್ತನೆಯ ಕಟಕಟೆಯ ಮೇಲೆ ಇನ್ನೊಂದು ಸಿಕ್ಕಿತು. ಪುರಾತತ್ವ ಇಲಾಖೆಯವರು ಅದನ್ನು ಸುಮಾರು ಕ್ರಿ.ಶ. 370ರದ್ದು ಎಂದರು. ಹಲ್ಮಿಡಿಯ ಕಾಲದ ಬಗ್ಗೆಯೂ ವಿದ್ವಾಂಸರಲ್ಲಿ ಒಂದೇ ಮಾತಿಲ್ಲ.

ಈ ಆಟದಲ್ಲಿ ಸರಿ ಉತ್ತರಕ್ಕೆ ಪಾಯಿಂಟ್ ಇಲ್ಲ. ನಾಲ್ಕು ಹಾಳೆ ಯಾಕೆ ಬೇರೆ ಬೇರೆ ಹೇಳುತ್ತಿವೆ ಅನ್ನುವುದಕ್ಕೆ ಪಾಯಿಂಟ್. ಹಾಳೆಗಳಲ್ಲಿ ಪ್ರಕಟವಾದ ವರ್ಷ ಕಾಣದಂತೆ ನಾನು ಮುಚ್ಚಿರುತ್ತೇನೆ. ವರ್ಷ ಬೇಕಾದರೆ ಎರಡು ಪಾಯಿಂಟ್ ಕೊಟ್ಟು ಕೊಳ್ಳಬೇಕು. ಮೊದಲು ಯಾರೂ ಕೊಳ್ಳುವುದಿಲ್ಲ, ಪಾಯಿಂಟ್ ಮೇಲೆ ಆಸೆ. ಸ್ವಲ್ಪ ಹೊತ್ತು ವಾದ ಮಾಡಿ ಸುಸ್ತಾದ ಮೇಲೆ ಒಂದೊಂದೇ ಗುಂಪು ಬಂದು, 'ಮೇಡಂ, ವರ್ಷ ಕೊಡಿ' ಅನ್ನುತ್ತದೆ. ಪ್ರಕಟವಾದ ವರ್ಷಕ್ಕೆ ಬೆಲೆ ಇದೆ ಅಂತ ನಾನು ಬಾಯಿಬಿಟ್ಟು ಹೇಳಬೇಕಾಗಿಯೇ ಬರುವುದಿಲ್ಲ.

ವೆಬ್‌ಸೈಟ್ ನಂಬುವ ವಿಷಯದಲ್ಲಿ ಸ್ಟ್ಯಾನ್‌ಫರ್ಡ್‌ನ ಒಂದು ಅಧ್ಯಯನ ಹೇಳಲೇಬೇಕು. ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 10 ಇತಿಹಾಸಕಾರರು, 10 ಫ್ಯಾಕ್ಟ್ ಚೆಕ್ ಮಾಡುವವರು, 25 ವಿದ್ಯಾರ್ಥಿಗಳನ್ನು ಕೂರಿಸಿ ಸೈಟ್‌ಗಳನ್ನು ಅಳೆಯಲು ಹೇಳಿದರು. ಅದರಲ್ಲಿ ಎರಡು ಮಕ್ಕಳ ವೈದ್ಯರ ಸಂಘಗಳದ್ದು. ಒಂದು 1930ರಿಂದ ಇರುವ, ಹತ್ತಾರು ಸಾವಿರ ಸದಸ್ಯರ ದೊಡ್ಡ ಸಂಘ. ಇನ್ನೊಂದು ಅದರಿಂದ 2002ರಲ್ಲಿ ಒಡೆದು ಹೋದ ಚಿಕ್ಕ ಗುಂಪು. ಎರಡರ ಹೆಸರೂ ಒಂದೇ ಥರ ಕೇಳಿಸುತ್ತವೆ. ಇತಿಹಾಸಕಾರರು, ವಿದ್ಯಾರ್ಥಿಗಳು ಆ ಪುಟದಲ್ಲೇ ಕೂತು ಲೋಗೋ, ವಿನ್ಯಾಸ, ಅಡಿಟಿಪ್ಪಣಿ ನೋಡುತ್ತಾ ಹೊತ್ತು ಕಳೆದರು. ಅವರಲ್ಲಿ ಎಷ್ಟೋ ಜನ ಮೋಸಹೋದರು. ಫ್ಯಾಕ್ಟ್ ಚೆಕ್‌ನವರು ಪುಟ ನೋಡಿ ತಕ್ಷಣ ಹೊರಬಂದು, ಹೊಸ ಟ್ಯಾಬ್ ತೆಗೆದು, ಈ ಸಂಘದ ಬಗ್ಗೆ ಬೇರೆಯವರು ಏನನ್ನುತ್ತಾರೆ ಅಂತ ನೋಡಿದರು. ಊರಿಗೆ ಹೊಸಬರು ಬಂದರೆ ನಾವೂ ಅಕ್ಕಪಕ್ಕದವರನ್ನು ಕೇಳುತ್ತೇವೆ, ಅಲ್ವಾ?

ಇದನ್ನು ಕನ್ನಡದಲ್ಲಿ ಆಡಿಸಲು ವಾಟ್ಸಾಪ್ ನಮಗೆ ಸಾಮಾನು ಒದಗಿಸುತ್ತಲೇ ಇರುತ್ತದೆ. ಸುಲಭದ್ದರಿಂದ ಶುರು ಮಾಡಿ: ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೋ ಜಗತ್ತಿನಲ್ಲೇ ಶ್ರೇಷ್ಠ ಎಂದು ಘೋಷಿಸಿದೆ. ಇದು ಸುಳ್ಳು ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಆಮೇಲೆ ಕಷ್ಟದ್ದು: ಪ್ರತಿ ನವೆಂಬರ್‌ನಲ್ಲಿ ಹರಿದಾಡುವ, ವಿನೋಬಾ ಭಾವೆ ಕನ್ನಡವನ್ನು ಲಿಪಿಗಳ ರಾಣಿ ಎಂದರು ಎಂಬ ಮಾತು. ನಿಜವೋ ಸುಳ್ಳೋ ಅಂತ ನಾನು ಕೇಳುವುದಿಲ್ಲ. ಎಲ್ಲಿ ಹೇಳಿದರು, ಯಾವ ಪುಸ್ತಕ, ಯಾವ ಪುಟ? ಅದನ್ನು ತಂದವರಿಗೆ ಹತ್ತು ಪಾಯಿಂಟ್. ಅದೇ ಸಾಲನ್ನು ಇನ್ನೊಂದು ಕಡೆಯಿಂದ ನಕಲು ತಂದವರಿಗೆ ಸೊನ್ನೆ. ಆ ಹತ್ತು ಪಾಯಿಂಟ್ ಇನ್ನೂ ನನ್ನ ಹತ್ತಿರವೇ ಇದೆ. ಆದರೆ ಹುಡುಕುತ್ತಾ ಹೋದ ಮಕ್ಕಳು ವಿನೋಬಾರ ಬರಹಗಳನ್ನು ರ‍್ಯಾಕ್‌ನಿಂದ ಇಳಿಸಿ, ಧೂಳು ಕೊಡವಿ ಓದಿದ್ದನ್ನು ನೋಡಿದ್ದೇನೆ.

ಇನ್ನು ವ್ಯವಸ್ಥೆಯ ಮಾತು, ಬೇಗ ಹೇಳುತ್ತೇನೆ. ಆ್ಯಪ್ ಮಾಡಿಸಲು ದುಡ್ಡು ಹಾಕಬೇಡಿ. ಹದಿನೈದು ಇಪ್ಪತ್ತು ವರ್ಷದ ಹಿಂದೆ ಹೊರದೇಶದ ಲೈಬ್ರರಿಗಳು ಮಾಡಿದ ಚೆಂದದ ಆಟಗಳಲ್ಲಿ ಬಹಳಷ್ಟು ಅಡೋಬಿ ಕಂಪನಿಯ ಸಾಫ್ಟ್‌ವೇರ್ ಫ್ಲ್ಯಾಶ್‌ನಲ್ಲಿದ್ದವು. 2020ರ ಡಿಸೆಂಬರ್ 31ಕ್ಕೆ ಅಡೋಬಿಯವರು ಫ್ಲ್ಯಾಶ್ ನಿಲ್ಲಿಸಿದರು, ಅವೂ ನಿಂತವು. ರಟ್ಟಿನ ಕಾರ್ಡಿಗೆ ಆ ತೊಂದರೆ ಇಲ್ಲ. ಬಹುಮಾನಕ್ಕೆ ಪೆನ್ನು, ಚಾಕಲೇಟ್ ಬೇಡ. ಗೆದ್ದ ಗುಂಪಿಗೆ ಆ ಸೆಮಿಸ್ಟರ್ ಪೂರ್ತಿ ಕಾರ್ಡಿಗೆ ಒಂದು ಪುಸ್ತಕ ಜಾಸ್ತಿ. ಐವತ್ತು ನಿಮಿಷದ ಪೀರಿಯಡ್‌ನಲ್ಲಿ ಆಟಕ್ಕೆ ಮೂವತ್ತು, ಮಾತಿಗೆ ಇಪ್ಪತ್ತು ಇಟ್ಟುಕೊಳ್ಳಿ. ಆಟ ಜೋರಾಗಿ ನಡೆಯುತ್ತಿದೆ ಅಂತ ಆ ಇಪ್ಪತ್ತು ನಿಮಿಷ ತಿಂದುಬಿಟ್ಟರೆ ಉಳಿಯುವುದು ಗಲಾಟೆ ಮಾತ್ರ. ಅಧ್ಯಾಪಕರು ಮಕ್ಕಳನ್ನು ನಮ್ಮ ಹತ್ತಿರ ಬಿಟ್ಟು ಸ್ಟಾಫ್ ರೂಮಿಗೆ ಹೋಗಬಾರದು. ವಿಷಯ ಗೊತ್ತಿರುವವರು ನೀವು. ಯಾವ ಫಲಿತಾಂಶ ಪ್ರಶ್ನೆಗೆ ಹೊಂದುತ್ತದೆ ಅಂತ ತೀರ್ಪು ಕೊಡಬೇಕಾದವರು ನೀವೇ.

ಇಂಟರ್ನಲ್ಸ್ ಮಾರ್ಕ್ಸ್ ಕೊಡಬೇಕಾ ಅಂತ ಈಗ ಒಬ್ಬರು ಕೇಳಿದರು. ಕೊಡಿ, ಆದರೆ ಗೆದ್ದದ್ದಕ್ಕಲ್ಲ. ಆ ಪದದ ಹಾಳೆಗೆ ಕೊಡಿ. ಮೊದಲ ಪದಕ್ಕೂ ಆರನೆಯ ಪದಕ್ಕೂ ಎಷ್ಟು ದೂರ ಬಂದಿದ್ದಾರೆ ಅಂತ ನೋಡಿ ಕೊಡಿ.

ಇನ್ನೊಂದು ಪ್ರಶ್ನೆ ಬಂತು, ಬರಲೇಬೇಕಿತ್ತು: ಚಾಟ್‌ಜಿಪಿಟಿ ಇರುವಾಗ ಇದೆಲ್ಲ ಯಾಕೆ? 2023ರಲ್ಲಿ ನ್ಯೂಯಾರ್ಕಿನ ವಕೀಲರು ಅದನ್ನು ಕೇಳಿ ಹಳೆಯ ತೀರ್ಪುಗಳ ಪಟ್ಟಿ ಮಾಡಿ ಕೋರ್ಟಿಗೆ ಕೊಟ್ಟರು. ಆ ತೀರ್ಪುಗಳು ಇರಲೇ ಇಲ್ಲ. 5,000 ಡಾಲರ್ ದಂಡ ಬಿತ್ತು. ನಮ್ಮ ಮಕ್ಕಳ ಪ್ರಾಜೆಕ್ಟುಗಳ ಕೊನೆಯ ಪುಟದಲ್ಲೂ ಇಂಥ ಪುಸ್ತಕಗಳು ಬರಲು ಶುರುವಾಗಿವೆ. ಲೇಖಕರ ಹೆಸರು ನಿಜ, ಪ್ರಕಾಶಕರು ನಿಜ, ಪುಸ್ತಕ ಮಾತ್ರ ಇಲ್ಲ.

ಅದಕ್ಕೂ ಒಂದು ಆಟ ಮಾಡಿಕೊಳ್ಳಿ. ನಿಮ್ಮ ವಿಷಯದಲ್ಲಿ ಚಾಟ್‌ಬಾಟ್‌ನಿಂದ ಒಂದು ಪುಸ್ತಕಪಟ್ಟಿ ಕೇಳಿ. ಅದರಲ್ಲಿ ಸುಳ್ಳಾದ ಕೆಲವನ್ನು ಇಟ್ಟುಕೊಂಡು, ನಿಮ್ಮ ಲೈಬ್ರರಿಯಲ್ಲಿ ಇರುವ ನಿಜವಾದ ಪುಸ್ತಕಗಳ ಜೊತೆ ಕಲಸಿ ಎಂಟು ಸಾಲಿನ ಪಟ್ಟಿ ಮಾಡಿ. ಗುಂಪುಗಳು ಓಪ್ಯಾಕ್, ನ್ಯಾಷನಲ್ ಡಿಜಿಟಲ್ ಲೈಬ್ರರಿ, ಕಾಲೇಜುಗಳಿಗೆ ಇ-ಪುಸ್ತಕ, ಇ-ಜರ್ನಲ್ ಒದಗಿಸುವ ಎನ್-ಲಿಸ್ಟ್, ಏನು ಬೇಕಾದರೂ ಬಳಸಿ ಇಲ್ಲದ ಪುಸ್ತಕ ಯಾವುದು ಅಂತ ಹೇಳಬೇಕು, ಇಲ್ಲ ಅನ್ನುವುದಕ್ಕೆ ಎಲ್ಲೆಲ್ಲಿ ನೋಡಿದೆವು ಅಂತ ಬರೆಯಬೇಕು. ನಮ್ಮ ಲೈಬ್ರರಿಯಲ್ಲಿ ಇಲ್ಲ ಅನ್ನುವುದೂ ಪುಸ್ತಕವೇ ಇಲ್ಲ ಅನ್ನುವುದೂ ಬೇರೆ ಬೇರೆ, ಅಲ್ಲೇ ಹೆಚ್ಚಿನವರು ಎಡವುತ್ತಾರೆ. ಐದು ನಿಜ, ಮೂರು ಸುಳ್ಳು ಇರಲಿ. ಸುಳ್ಳು ಎಷ್ಟು ಅಂತ ಮಾತ್ರ ಮೊದಲೇ ಹೇಳಬೇಡಿ.